ಸತ್ತ ಮೀನಿಗೆ ಮುತ್ತೋ ಪುಟ್ಟ ಶಂಖದ ಹುಳ, ಹೆಸರು ಮಾತ್ರ ಮೂರು

ಪ್ರಶ್ನೆ: ಸರ್, ಮಲ್ಪೆ ಬೀಚಲ್ಲಿ ನೀರು ಇಳಿದಾಗ ಬಿದ್ದಿದ್ದ ಬಂಗುಡೆ ತಲೆಗೆ ಬೆರಳ ತುದಿಯಷ್ಟಿರೋ ಶಂಖದ ಹುಳಗಳು ಮುತ್ಕೊಂಡಿದ್ವು. ಹಳೇ ಪುಸ್ತಕದಲ್ಲಿ ಇಂಥದ್ದಕ್ಕೆ ನಸ್ಸಾ ಅಂತಿದೆ, ಆ್ಯಪ್ ನಸ್ಸೇರಿಯಸ್ ಅನ್ನತ್ತೆ, ಯುರೋಪಿನ ಫೋಟೋದಲ್ಲಿ ಟ್ರಿಟಿಯಾ ಅಂತಿದೆ. ಯಾವುದನ್ನ ಬರ್ಕೊಳ್ಳಲಿ?

ಉತ್ತರ: ನೀವು ಹೇಳೋ ಲಕ್ಷಣ ನೋಡಿದ್ರೆ ಅದು ನಸ್ಸೇರಿಡೇ ಕುಟುಂಬದ್ದೇ ಇರ್ಬೇಕು. ಇವು ಮರಳೊಳಗೆ ಹೂತ್ಕೊಂಡು ಸೊಂಡಿಲಿನ ಥರದ ಒಂದು ಕೊಳವೆ ಮಾತ್ರ ಹೊರಗೆ ಚಾಚಿರ್ತಾವೆ, ಅದರಿಂದ ಎಳೆದ ನೀರು ಒಳಗಿರೋ ವಾಸನೆ ಹಿಡಿಯೋ ಅಂಗಕ್ಕೆ ಹೋಗತ್ತೆ, ಸತ್ತ ಮೀನಿನ ಸುಳಿವು ಸಿಕ್ಕಿದ್ದೇ ತಡ, ಖಾಲಿ ಕಾಣ್ತಿದ್ದ ಮರಳಿಂದ ಒಂದೊಂದಾಗಿ ಎದ್ದು ಕೊಳವೇನ ಆಚೆ ಈಚೆ ಆಡಿಸ್ತಾ ಹೊರಡ್ತಾವೆ. ಎಷ್ಟು ಸಲ ನೋಡಿದ್ರೂ ನಂಗೆ ಬೇಜಾರಾಗಲ್ಲ!

ಈಗ ಹೆಸರಿಗೆ ಬರೋಣ. ನಸ್ಸಾ ಅಂದ್ರೆ ಲ್ಯಾಟಿನ್‌ನಲ್ಲಿ ಮೀನು ಹಿಡಿಯೋ ಹೆಣೆದ ಬುಟ್ಟಿ, ಚಿಪ್ಪಿನ ಮೇಲೆ ಅಡ್ಡ ಉದ್ದ ಗೆರೆಗಳು ಹೆಣಿಗೆ ಥರಾನೇ ಕಾಣ್ತಾವೆ. 1799ರಲ್ಲಿ ಲಾಮಾರ್ಕ್ ಅನ್ನೋ ವಿಜ್ಞಾನಿ ಇವಕ್ಕೆ ಆ ಹೆಸರಿಟ್ಟ, ಆದ್ರೆ ಹಿಂದಿನ ವರ್ಷಾನೇ ರೋಡಿಂಗ್ ಅನ್ನೋ ಇನ್ನೊಬ್ಬ ಅದನ್ನ ಮ್ಯೂರೆಕ್ಸ್ ಅನ್ನೋ ಬೇರೆ ಶಂಖದ ಕುಟುಂಬದ ಹುಳಕ್ಕೆ ಕೊಟ್ಟಾಗಿತ್ತು, ಮೊದಲು ಇಟ್ಟವರಿಗೇ ಹಕ್ಕು ಅನ್ನೋದು ನಿಯಮ, ಹಾಗಾಗಿ ಈ ಹುಳಗಳಿಗೆ ಡ್ಯುಮೆರಿಲ್ 1805ರಲ್ಲಿ ಕೊಟ್ಟ ನಸ್ಸೇರಿಯಸ್ ಉಳೀತು.

ಆಮೇಲೆ ಆಗಿದ್ದೇನಂದ್ರೆ, ನೋಡೋಕೆ ಒಂದೇ ಥರ ಇದ್ದ ನೂರಾರು ಜಾತಿಗಳನ್ನ ಪ್ರಪಂಚದ ಎಲ್ಲಾ ಕಡಲಿಂದ ತಂದು ಇದೇ ಹೆಸರಿನಡಿ ತುಂಬಿದ್ರು. ಚಿಪ್ಪು ಮೋಸ ಮಾಡತ್ತೆ ಕಣ್ರೀ, ಮರಳು ಕೆಸರಲ್ಲಿ ಒಂದೇ ಥರ ಬದುಕೋವಕ್ಕೆ ದೂರದ ಸಂಬಂಧ ಇದ್ರೂ ಒಂದೇ ಥರ ಚಿಪ್ಪು ಬರಬಹುದು. 2016ರಲ್ಲಿ ಗಲಿಂಡೋ ಮತ್ತು ಜೊತೆಗಾರರು ಡಿಎನ್‌ಎ ಹೋಲಿಸಿದಾಗ ಯುರೋಪ್, ಮೆಡಿಟರೇನಿಯನ್ ಕಡೆಯವು ಬೇರೇನೇ ಕವಲು ಅಂತ ಗೊತ್ತಾಯ್ತು, ಅವಕ್ಕೆ 1826ರಲ್ಲೇ ರಿಸ್ಸೋ ಇಟ್ಟಿದ್ದ ಟ್ರಿಟಿಯಾ ಹೆಸರು ವಾಪಸ್ ಬಂತು. ಆದಿಮಾನವರು ತೂತು ಮಾಡಿ ಮಣಿ ಥರ ಬಳಸ್ತಿದ್ದ ಮೊರೊಕ್ಕೋದ ಚಿಪ್ಪು ಹಳೇ ಲೇಖನಗಳಲ್ಲಿ ನಸ್ಸೇರಿಯಸ್ ಗಿಬ್ಬೋಸುಲಸ್, ಈಗ ಟ್ರಿಟಿಯಾ ಗಿಬ್ಬೋಸುಲಾ.

ನಮ್ಮ ಅರಬ್ಬಿ ಕಡಲಿನ ಇಂಥ ಹೆಚ್ಚಿನ ಹುಳಗಳಿಗೆ ನಸ್ಸೇರಿಯಸ್ಸೇ ಇದೆ, ಅದನ್ನೇ ಬರ್ಕೊಳ್ಳಿ. ಅದರ ಮುಂದೆ ಬರೋ ಎರಡನೇ ಪದ, ಅಂದ್ರೆ ಜಾತಿ ಹೆಸರು ಮಾತ್ರ ಫೋಟೋ ನೋಡಿ ಬರೀಬೇಡಿ, ಖಾಲಿ ಚಿಪ್ಪು ಸಿಕ್ಕಿದ್ರೆ ಬಾಯಿ ಕಡೆಯಿಂದ, ಬೆನ್ನ ಕಡೆಯಿಂದ ಎರಡೂ ಫೋಟೋ ತೆಗೆದು, ಜಾಗ, ತಾರೀಕು ಬರೆದಿಡಿ.