ಫೋಟೋ ನಿಮ್ಮದು, ಫೋನ್ ನಿಮ್ಮದು, ಮತ್ತೆ ಅಪ್‌ಲೋಡ್ ಯಾಕೆ?

ಪ್ರಶ್ನೆ: ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇನೆ. ಮಗಳು ಉಟ್ಟು ನಿಂತ ಫೋಟೋಗಳನ್ನು ಬ್ರೌಸರ್‌ನಲ್ಲೇ ಕತ್ತರಿಸಿ, ಬಣ್ಣ ಸರಿಮಾಡಿ ಗಿರಾಕಿಗಳಿಗೆ ಕಳಿಸುತ್ತೇನೆ. ‘ನಿಮ್ಮ ಫೋಟೋ ನಮ್ಮ ಸರ್ವರ್‌ಗೆ ಬರುವುದಿಲ್ಲ’ ಅಂತ ಆ ಪುಟದಲ್ಲಿ ಬರೆದಿದೆ. ನಂಬಬಹುದಾ?
– ಓದುಗರು, ಇಳಕಲ್

ಉತ್ತರ: ಬರೆದದ್ದನ್ನು ಬಿಡಿ, ನೀವೇ ಪರೀಕ್ಷೆ ಮಾಡಿ. ಪುಟ ಪೂರ್ತಿ ತೆರೆದುಕೊಳ್ಳಲಿ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಇರಲಿ. ಈಗ ಫೋಟೋ ಆರಿಸಿ, ಕತ್ತರಿಸಿ, ಸೇವ್ ಮಾಡಿ. ಎಲ್ಲ ಸರಾಗವಾಗಿ ಆಯಿತಾ? ಹಾಗಾದರೆ ಕೆಲಸ ನಿಮ್ಮ ಫೋನಿನೊಳಗೇ ನಡೆದಿದೆ. ಚಕ್ರ ಸುಮ್ನೆ ತಿರುಗುತ್ತಾ ನಿಂತರೆ ಆ ಪುಟಕ್ಕೆ ಬೇರೆಲ್ಲೋ ಇರುವ ಸರ್ವರ್ ಬೇಕು ಅಂತ ಅರ್ಥ.

ಈಗಿನ ಬ್ರೌಸರ್‌ಗಳು ಇಂಥ ಭಾರಿ ಕೆಲಸವನ್ನೂ ಒಳಗೇ ಮಾಡಬಲ್ಲವು. ಅದಕ್ಕೆ ನೆರವಾಗುವ ವೆಬ್‌ಅಸೆಂಬ್ಲಿ ಎಂಬ ತಂತ್ರಜ್ಞಾನ 2019ರ ಡಿಸೆಂಬರ್‌ನಲ್ಲೇ ಅಧಿಕೃತ ವೆಬ್ ಮಾನದಂಡವಾಯಿತು. 2013ರಲ್ಲಿ ಇವಾನ್ ಕುಟ್ಸ್ಕಿರ್ ಶುರುಮಾಡಿದ, ಫೋಟೋ ತಿದ್ದುವ ತಾಣ ಫೋಟೋಪಿಯಾ, ಫೋಟೋಶಾಪ್‌ನ ಪಿಎಸ್‌ಡಿ ಫೈಲುಗಳನ್ನೂ ಹೀಗೆ ಒಳಗೇ ತೆರೆಯುತ್ತದೆ. ಜಾಹೀರಾತು ಬರುತ್ತವೆ, ಅದು ಬೇರೆ ಮಾತು.

ಇಲ್ಲೊಂದು ಸಂದು ಇದೆ. ನೆಟ್ ಇಲ್ಲದೆಯೂ ಕೆಲಸ ಮಾಡುವ ಪುಟ, ನೆಟ್ ಬಂದ ಕೂಡಲೇ ಫೋಟೋ ಕಳಿಸಿಬಿಟ್ಟರೆ? ಅನುಮಾನ ಇದ್ದರೆ ಇನ್‌ಕಾಗ್ನಿಟೊ (ಮುಚ್ಚಿದ ಮೇಲೆ ಬ್ರೌಸಿಂಗ್ ನೆನಪಿಡದ) ಕಿಟಕಿಯಲ್ಲಿ ಪುಟ ತೆರೆದು, ನೆಟ್ ಬಂದ್ ಮಾಡಿ ಕೆಲಸ ಮುಗಿಸಿ, ಫೋಟೋ ಇಳಿಸಿಕೊಂಡು, ಆ ಕಿಟಕಿಗಳನ್ನೆಲ್ಲ ಮುಚ್ಚಿದ ಮೇಲೆ ನೆಟ್ ಹಾಕಿ. ಒಂದೇ ಒತ್ತಿಗೆ ಹಿನ್ನೆಲೆ ಅಳಿಸಿಕೊಡುವ ತಾಣಗಳ ಬಗ್ಗೆ ಮಾತ್ರ ಜಾಸ್ತಿ ಹುಷಾರು. ಅವುಗಳಲ್ಲಿ ಬಹಳಷ್ಟು ಫೋಟೋವನ್ನು ತಮ್ಮ ಸರ್ವರ್‌ಗೇ ಒಯ್ಯುತ್ತವೆ. ಮಗಳ ಮುಖ ಇರುವ ಫೋಟೋ ಅಲ್ಲಿಗೆ ಬೇಡ.

ಲೊಕೇಶನ್ ಮರೆಯಬೇಡಿ. ಕ್ಯಾಮೆರಾದಲ್ಲಿ ಅದು ಆನ್ ಇದ್ದರೆ ನಿಮ್ಮ ಮನೆಯ ಅಕ್ಷಾಂಶ, ರೇಖಾಂಶ ಫೋಟೋದೊಳಗೇ ಕೂತಿರುತ್ತವೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋವಾಗಿ ಕಳಿಸಿದರೆ ಅವು ಅಳಿಸಿಹೋಗುತ್ತವೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಉಳಿಯುತ್ತವೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಆಫ್ ಮಾಡಿಬಿಡಿ.

ನೀವು ಕೇಳದ ಒಂದು ಮಾತು: ತೋಪು ತೆನಿ (ಇಳಕಲ್ ಸೀರೆಯ ವಿಶಿಷ್ಟ ವಿನ್ಯಾಸದ) ಸೆರಗಿನ ಕೆಂಪಿಗೆ ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, ಏರಿಸಬೇಡಿ. ನೇಯ್ಗೆಯ ಎಳೆ ಮುಚ್ಚಿಹೋಗಿ ಬರೀ ಕೆಂಪು ಪಟ್ಟಿಯಾಗುತ್ತದೆ, ಗಿರಾಕಿ ಸೀರೆ ವಾಪಸ್ ಕಳಿಸುತ್ತಾರೆ.

ಪ್ರಶ್ನೆ: ಕೆಲಸದ ಅರ್ಜಿಗೆ ಫೋಟೋ, ಸಹಿ ಎರಡೂ 50 ಕೆಬಿ ಒಳಗಿರಬೇಕಂತೆ. ಸೈಬರ್ ಸೆಂಟರ್‌ನಲ್ಲಿ ಮಾಡಿಸಲಾ?
– ಓದುಗರು, ಇಂಡಿ

ಉತ್ತರ: ಫೋನ್ ಇದೆಯಲ್ವಾ, ಅದರಲ್ಲೇ ಆಗುತ್ತದೆ. ಗೂಗಲ್ ಕ್ರೋಮ್ ತಂಡದ ಸ್ಕ್ವೂಶ್ ಎಂಬ ತಾಣ ಇದಕ್ಕೆಂದೇ ಇದೆ, ಅದೂ ಬ್ರೌಸರ್ ಒಳಗೇ ಫೋಟೋ ಕುಗ್ಗಿಸುತ್ತದೆ. ಮೊದಲು ಅಳತೆ ಇಳಿಸಿ, ಆಮೇಲೆ ಕ್ವಾಲಿಟಿ. ಬಹಳ ಜನ ಉಲ್ಟಾ ಮಾಡುತ್ತಾರೆ, 4000 ಪಿಕ್ಸೆಲ್ ಅಗಲದ ಫೋಟೋವನ್ನು ಹಾಗೇ ಇಟ್ಟು ಕ್ವಾಲಿಟಿ ಹಿಂಡುತ್ತಾರೆ, ಮುಖವೆಲ್ಲ ಚೌಕ ಚೌಕ. ಸೈಬರ್‌ಗೇ ಹೋಗಬೇಕಾದರೆ ನೆನಪಿಡಿ, ಇನ್‌ಕಾಗ್ನಿಟೊ ಮುಚ್ಚಿದರೂ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಫೈಲು ಇದ್ದೇ ಇರುತ್ತದೆ. ಅಲ್ಲಿಂದ ಅಳಿಸಿ, ರಿಸೈಕಲ್ ಬಿನ್‌ನಿಂದಲೂ ಅಳಿಸಿ.

ಪ್ರಶ್ನೆ: ಬಾಡಿಗೆ ಮನೆ ಮಾಲೀಕರಿಗೆ ಆಧಾರ್ ಫೋಟೋ ಕಳಿಸಬೇಕು. ಸಂಖ್ಯೆಯ ಮೇಲೆ ಫೋನಿನ ಪೆನ್‌ನಿಂದ ಗೀಚಿದರೆ ಸಾಕಾ?
– ಓದುಗರು, ಬೆಳಗಾವಿ

ಉತ್ತರ: ಸಾಲದು. ಹೈಲೈಟರ್ ಪೆನ್ ಅರೆಪಾರದರ್ಶಕ. ಬೆಳಕು ಏರಿಸಿದರೆ ಕೆಳಗಿನ ಅಂಕಿ ಎದ್ದು ಕಾಣಬಹುದು. ಮಬ್ಬು ಮಾಡಿದ ಅಂಕಿಗಳನ್ನೂ ಕೆಲವೊಮ್ಮೆ ಊಹಿಸಿ ತೆಗೆಯಬಹುದು. ಗಟ್ಟಿ ಕಪ್ಪು ಚೌಕ ಇಟ್ಟು ಜೆಪಿಜಿ ಆಗಿ ಸೇವ್ ಮಾಡಿ. ಪಿಎಸ್‌ಡಿ ಆಗಿ ಕೊಟ್ಟರೆ ಚೌಕ ಬೇರೆ ಪದರವಾಗಿ ಉಳಿಯುತ್ತದೆ, ಅದನ್ನು ಎತ್ತಿ ಪಕ್ಕಕ್ಕಿಡಬಹುದು. ಇದಕ್ಕಿಂತ ಸುಲಭದ ದಾರಿಯೂ ಇದೆ. ಆಧಾರ್ ತಾಣದಲ್ಲೇ ‘ಮಾಸ್ಕ್ಡ್ ಆಧಾರ್’ ಸಿಗುತ್ತದೆ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಮಾಲೀಕರು ಒಪ್ಪಿದರೆ ಅದನ್ನೇ ಕೊಡಿ.