ಗಿರಾಕಿಗೆ ಹೇಳಬಹುದು, ಅವನಿಗೆ ಹೇಗೆ ಹೇಳಲಿ?

ಈ ಮಾತನ್ನು ಎಷ್ಟು ಹೆಂಗಸರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ವಿವರ ಬದಲಿಸಿದ್ದೇನೆ.

ಸುಶೀಲಕ್ಕ ಅನ್ನೋಣ. ಲೈಂಗಿಕ ಕಸುಬು ಮಾಡುತ್ತಾರೆ. ಆರು ತಿಂಗಳಿಗೊಮ್ಮೆ ತಪ್ಪದೆ ನಮ್ಮಲ್ಲಿಗೆ ಪರೀಕ್ಷೆಗೆ ಬರುವವರು. ಈ ಸಲ ಎಚ್‌ಐವಿ ಇರಲಿಲ್ಲ, ಲೈಂಗಿಕ ಸಂಪರ್ಕದಿಂದ ಹರಡುವ ಇನ್ನೊಂದು ಸೋಂಕು, ಸಿಫಿಲಿಸ್ ಇತ್ತು. ನಾನು ಫ್ಲಿಪ್ ಚಾರ್ಟ್ ತೆಗೆದು ಕಾಂಡೋಮ್ ಪಾಠ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಗಿರಾಕಿಗೆ ಹೇಳಬಹುದು ಮೇಡಂ. ಒಪ್ಪದಿದ್ದರೆ ಎದ್ದು ಹೋಗು ಅಂತೀನಿ. ಅವನಿಗೆ ಹೇಗೆ ಹೇಳಲಿ? ಮಗಳ ಫೀಸು ಕಟ್ಟೋನು ಅವನು. ಕಾಂಡೋಮ್ ತೆಗೆದರೆ, ನಾನೂ ಗಿರಾಕೀನಾ ಅಂತಾನೆ."

'ಅವನು' ಅಂದರೆ ಗಿರಾಕಿಯಲ್ಲ, ಅವರ ಖಾಯಂ ಸಂಗಾತಿ. ಚಾರ್ಟ್ ಮಡಚಿಟ್ಟೆ. ಪಾಠ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಪ್ರೆಪ್ ಬಗ್ಗೆ ಹೇಳಿದೆ. ಟೆನೊಫೊವಿರ್, ಎಮ್‌ಟ್ರಿಸಿಟಬೈನ್ ಎರಡೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಎಚ್‌ಐವಿ ಇಲ್ಲದವರು ಬರದಂತೆ ನುಂಗುವುದು. ಅಪಾಯ ಹೆಚ್ಚಿರುವ ಎಲ್ಲರಿಗೂ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಮೊದಲು ಎಚ್‌ಐವಿ, ಕಿಡ್ನಿ, ಹೆಪಟೈಟಿಸ್ ಬಿ ಪರೀಕ್ಷೆ ಆಗಬೇಕು. ಮೂರು ತಿಂಗಳಿಗೊಮ್ಮೆ ಮತ್ತೆ ಎಚ್‌ಐವಿ ಪರೀಕ್ಷೆ. ಯಾಕೆಂದರೆ ಸೋಂಕು ಆಗಲೇ ಇದ್ದರೆ ಈ ಎರಡು ಔಷಧಿ ಸಾಲದು, ವೈರಸ್ ಇವಕ್ಕೆ ಬಗ್ಗದಂತಾಗಬಹುದು. ಮೊದಲ ಮೂರು ವಾರ ರಕ್ಷಣೆ ಇಲ್ಲ ಅಂತಲೇ ಲೆಕ್ಕ ಹಿಡಿಯಿರಿ ಅಂದೆ. ಸಿಫಿಲಿಸ್‌ಗೆ ಇದು ತಡೆಯಲ್ಲ. ಅದಕ್ಕೆ ನಿಮಗೂ ಅವನಿಗೂ ಚಿಕಿತ್ಸೆ ಆಗಲೇಬೇಕು.

ಜೊತೆಗೆ ಕೆಲಸ ಮಾಡುವವರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಮಾತ್ರೆ ಸಿಕ್ಕರೆ ಕಾಂಡೋಮ್ ಬಿಟ್ಟುಬಿಡುತ್ತಾರೆ ಅಲ್ವಾ? ಬಿಡೋಕೆ ಅವನ ಜೊತೆ ಕಾಂಡೋಮ್ ಇತ್ತೆಲ್ಲಿ! ಈ ಕಸುಬಿನವರದೇ ಸಂಘಟನೆಯಾದ ಮೈಸೂರಿನ ಆಶೋದಯ ಸಮಿತಿಯಲ್ಲಿ ಈ ಹೆಂಗಸರಿಗೇ ಪ್ರೆಪ್ ಕೊಟ್ಟು ನೋಡಿದ್ದಾರೆ, ಕಾಂಡೋಮ್ ಬಳಕೆ ಕುಸಿಯಲಿಲ್ಲ. ಕಾಂಡೋಮ್‌ಗೆ ಅವನೂ ಒಪ್ಪಬೇಕು. ಮಾತ್ರೆಗೆ ಸುಶೀಲಕ್ಕ ಒಬ್ಬರು ಒಪ್ಪಿದರೆ ಸಾಕು. ಗಿರಾಕಿಗಳ ಜೊತೆ ಕಾಂಡೋಮ್ ಬಿಡಬೇಡಿ ಅಂತ ನಾನೂ ಹೇಳಿದ್ದೇನೆ. ಆದರೆ ಹೇಳಿದ್ದನ್ನೇ ಹೇಳಿ ಕಳಿಸಿದ್ದರೆ, ಮುಂದಿನ ಸಲ ಎಚ್‌ಐವಿ ರಿಪೋರ್ಟ್ ಅವರ ಕೈಗೆ ಕೊಡಬೇಕಾಗುತ್ತಿತ್ತೇನೋ.

ಪರೀಕ್ಷೆಗಳು ಮುಗಿದು ಡಬ್ಬಿ ಕೈಗೆ ಬಂದಾಗ ಸುಶೀಲಕ್ಕ ಅದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಲಗಲ.

"ಎಚ್‌ಐವಿ ಇರೋರು ನುಂಗೋ ಎಆರ್‌ಟಿ ಮಾತ್ರೆ ಡಬ್ಬೀನೂ ಹೀಗೇ ಇರುತ್ತೆ ಮೇಡಂ. ನೋಡಿದೋರು ನನಗೆ ಕಾಯಿಲೆ ಇದೆ ಅಂದ್ಕೊಳ್ಳಲ್ವಾ?"

ಈ ಸದ್ದಿಗೆ ಹೆದರಿಯೇ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ಬೇರೆ ಡಬ್ಬಿಗೆ ಸುರಿಯಬೇಡಿ, ತೇವ ತಾಗದಂತೆ ಒಳಗಿಟ್ಟಿರುವ ಪೊಟ್ಟಣ ಎಸೆಯಬೇಡಿ ಅಂದೆ. ಮೇಜಿನ ಮೇಲಿದ್ದ ಹತ್ತಿಯಿಂದ ಒಂದು ಉಂಡೆ ಕಿತ್ತು ಮಾತ್ರೆಗಳ ಮೇಲೆ ಒತ್ತಿದೆ.

ಸುಶೀಲಕ್ಕ ಮತ್ತೆ ಅಲ್ಲಾಡಿಸಿ ನೋಡಿದರು. ಇನ್ನೊಂದು ಚೂರು ಹತ್ತಿ ಕೇಳಿದರು.