ಚಾರ್ ಹೆಣ್ಣಿಗೆ ಮನುಷ್ಯ ಹೆಂಗಸಿನ ಮೈಕಟ್ಟು ಯಾಕಿಲ್ಲ?

2012ರ ಗಿಲ್ಡ್ ವಾರ್ಸ್ 2 ಎಂಬ ಕಂಪ್ಯೂಟರ್ ಆಟದ ಚಾರ್ ಜನಾಂಗದ ಹೆಣ್ಣಿಗೆ ಎದೆಯುಬ್ಬು, ಸಣ್ಣ ನಡು ಯಾಕಿಲ್ಲ ಎಂದು ಕೇಳಿದ್ದೀರಿ. ಆಟ ರೂಪಿಸಿದವರು ಅದನ್ನು ಬೇಕೆಂದೇ ಬಿಟ್ಟಿದ್ದಾರೆ, ಮತ್ತು ಆ ನಿರ್ಧಾರ ಸರಿಯಾದದ್ದು.

ಚಾರ್‌ಗಳು ದೊಡ್ಡ ಬೆಕ್ಕನ್ನು ಹೋಲುವ, ಕೊಂಬಿರುವ, ನಾಲ್ಕು ಕಿವಿಗಳ ಗೂನುಬೆನ್ನಿನ ಜೀವಿಗಳು. ಅಂಥ ಮೈಗೆ ಮನುಷ್ಯರ ಎದೆ ಅಂಟಿಸಿದರೆ ಮೃಗದ ವೇಷ ತೊಟ್ಟ ಹೆಂಗಸಿನಂತೆ ಕಾಣುತ್ತದೆ. ಆದ್ದರಿಂದ ಹೆಣ್ಣಿನ ಗುರುತನ್ನು ಬೇರೆಡೆ ಇಟ್ಟರು: ತುಸು ತೆಳು ಮೈ, ಚಿಕ್ಕ ಕೊಂಬು, ಪೊದೆಯಂಥ ಬಾಲ.

ಆಟದ ಕಥೆಯೂ ಇದಕ್ಕೆ ಒತ್ತಾಸೆ. ಚಾರ್‌ಗಳ ಪಡೆಗಳಲ್ಲೊಂದಾದ ಫ್ಲೇಮ್ ಲೀಜನ್ ಹೆಣ್ಣುಗಳನ್ನು ಯುದ್ಧದಿಂದ ಹೊರಗಿಟ್ಟಿತ್ತು; ಕಲ್ಲಾ ಸ್ಕಾರ್ಚ್‌ರೇಜರ್ ಎಂಬ ಚಾರ್ ಹೆಣ್ಣು ಬಂಡೆದ್ದು ಆ ಕಟ್ಟಳೆ ಮುರಿದಳು. ಹೀಗೆ ಹೋರಾಡಿ ಸೈನಿಕರಾದವರಿಗೆ ಮೈ ತೋರಿಸುವ ಕವಚ ಕೊಟ್ಟರೆ ಕಥೆಯೇ ಸುಳ್ಳಾಗುತ್ತದೆ. ಅವರ ಕವಚ ಗಂಡಿನ ಮಾದರಿಯದೇ.

ತೊಂದರೆ ಬರುವುದು ಕವಚದಲ್ಲೇ. ಮನುಷ್ಯರ ಅಳತೆಯ ಉಡುಪನ್ನು ಗೂನುಬೆನ್ನಿಗೆ ಎಳೆದು ಕೂರಿಸಿದಾಗ ಅದರ ಚಿತ್ತಾರ ಹಿಗ್ಗಿ ಮಸುಕಾಗುತ್ತದೆ, ಬಾಲ ನಿಲುವಂಗಿಯನ್ನು ತೂರಿ ಹೊರಬರುತ್ತದೆ, ಕೊಂಬು ಶಿರಸ್ತ್ರಾಣಕ್ಕೆ ಅಡ್ಡಬರುತ್ತದೆ. ನೀವೇ ಇಂಥ ಜನಾಂಗ ರೂಪಿಸುವುದಾದರೆ ಮೊದಲು ಬರೀ ಕಪ್ಪು ನೆರಳುಚಿತ್ರ ಬರೆಯಿರಿ. ಗಂಡು ಯಾವುದು, ಹೆಣ್ಣು ಯಾವುದು ಎಂದು ಅದರಲ್ಲೇ ತಿಳಿಯಬೇಕು. ನಂತರ ಓಡುವ ಭಂಗಿಯಲ್ಲಿ ಕವಚ ತೊಡಿಸಿ ನೋಡಿ. ಚಾರ್‌ಗಳು ಆಯುಧ ಒಳಗಿಟ್ಟು ಓಡುವಾಗ ನಾಲ್ಕು ಕಾಲಿಗೆ ಇಳಿಯುತ್ತವೆ. ನಿಂತಾಗ ಕಾಣದ ದೋಷ ಆಗ ಕಾಣುತ್ತದೆ.